ಪಂಚಾಕ್ಷರಪ್ಪನವರ ಜೇಬಿನಲ್ಲಿದ್ದ ಕ್ಯಾಪು

ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಪಂಚಾಕ್ಷರಪ್ಪನವರನ್ನು ಪೆನ್ನು ಕೇಳುವುದೆಂದರೆ ಹುತ್ತಕ್ಕೆ ಕೈ ಹಾಕಿದ ಹಾಗೆ. ಗೊತ್ತಿದ್ದವರು ಕೇಳುವುದಿಲ್ಲ. ಗೊತ್ತಿಲ್ಲದವರನ್ನು ದೂರುವಂತೆಯೂ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರ ಜೇಬಿನಲ್ಲಿ ಹಸಿರು-ಕಪ್ಪು ಮಚ್ಚೆಯ ದಪ್ಪ ಕ್ಯಾಪು, ಬಿಸಿಲಿಗೆ ಹೊಳೆಯುವ ಅದರ ಹಿತ್ತಾಳೆ ಕ್ಲಿಪ್ಪು. ಕ್ಯಾಪಿನ ಕೆಳಗೆ ಪೆನ್ನೂ ಇದೆ ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ. ಪಾಪ, ಯಾರೋ ಫಾರಂ ಹಿಡಿದು ಬಂದು, "ಯಜಮಾನ್ರೇ, ಒಂದ್ನಿಮಿಷ ಪೆನ್ನು ಕೊಡ್ತೀರಾ?" ಎಂದರೋ, ಮುಗಿಯಿತು. ಪಂಚಾಕ್ಷರಪ್ಪನವರು ಜೇಬಿನಿಂದ ಆ ಕ್ಯಾಪನ್ನು ತೆಗೆದು, ಅದರ ಖಾಲಿ ಬಾಯಿಯನ್ನು ಅವರ ಮುಖಕ್ಕೆ ಹಿಡಿಯುತ್ತಿದ್ದರು.

"ತಗಳಪ್ಪ, ಬರಿ. ಇದ್ರಲ್ಲಿ ಬರಿ ನೋಡಾಣ! ಮೂರು ವರ್ಷದಿಂದ ನಾನೂ ಇದ್ರಲ್ಲೇ ಬರೀತಾ ಇದೀನಿ."

ಇದಾದ ಮೇಲೆ ಪೆನ್ನು ಕಳ್ಳರ ಮೇಲೆ ಅರ್ಧ ಗಂಟೆಯ ಭಾಷಣ. ಕೇಳಿದವನ ಬಸ್ಸು ಹೊರಟು ಹೋದರೂ ಭಾಷಣ ನಿಲ್ಲುತ್ತಿರಲಿಲ್ಲ.

ಪೆನ್ನನ್ನು ಎರವಲು ಕೊಡುವಾಗ ಕ್ಯಾಪನ್ನು ನಾವೇ ಇಟ್ಟುಕೊಳ್ಳಬೇಕು ಎಂಬುದು ನಮ್ಮ ಕಡೆಯ ಲೋಕರೂಢಿ. ಕ್ಯಾಪು ನಮ್ಮ ಹತ್ತಿರ ಇದ್ದರೆ ಪೆನ್ನು ಎಲ್ಲಿಗೆ ಹೋದೀತು ಎಂಬ ನಂಬಿಕೆ. ಪಂಚಾಕ್ಷರಪ್ಪನವರು ಆ ರೂಢಿಯನ್ನು ತಪ್ಪದೆ ಪಾಲಿಸಿದರು, ಪೆನ್ನನ್ನೂ ಕಳೆದುಕೊಂಡರು. ಅವರಿಗಿದ್ದ ಸಂಕಟದಲ್ಲಿ ಅರ್ಧ ಇದೇ. ಎಚ್ಚರ ತಪ್ಪಿ ಕಳೆದುಕೊಂಡಿದ್ದರೆ ತಮ್ಮನ್ನೇ ಬೈದುಕೊಂಡು ಸುಮ್ಮನಾಗಬಹುದಿತ್ತು. ಎಚ್ಚರದಿಂದ ಇದ್ದೂ ಕಳೆದುಕೊಂಡರೆ ಯಾರನ್ನು ಬೈಯುವುದು? ಅದಕ್ಕೇ ಇಡೀ ಊರನ್ನು ಬೈಯುತ್ತಿದ್ದರು. ಅವರ ಹೆಂಡತಿ ಸಾವಿತ್ರಮ್ಮ ಮಾತ್ರ, "ಹಗ್ಗ ಇಟ್ಕಂಡು ಎಮ್ಮೆ ಬಿಟ್ಟೋರು ನೀವು" ಎಂದು ನಗುತ್ತಿದ್ದರು.

ಆ ಪೆನ್ನು ಅಂತಿಂಥ ಪೆನ್ನಲ್ಲ. ಪಂಚಾಕ್ಷರಪ್ಪನವರು ಮೂವತ್ತನಾಲ್ಕು ವರ್ಷ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂರಿನ ನಡುವೆ ಓಡಾಡುವ ಬಸ್ಸುಗಳ ಹೊತ್ತುಗೊತ್ತು ಬರೆದು ಕೊಡುವುದು ಅವರ ಕೆಲಸ. ಮೊದಲ ಸಂಬಳದಲ್ಲಿ ಕಡೂರಿನಲ್ಲಿ ಕೊಂಡ ಪೆನ್ನದು. ದಿನಾ ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಸಿ, ತಿಂಡಿಗೆ ಮುಂಚೆ, ಕಿಟಕಿಯ ಬೆಳಕಿಗೆ ಕೂತು ಪೆನ್ನಿನ ಕತ್ತು ತಿರುಗಿಸಿ ಬಿಚ್ಚುವರು. ಗಾಜಿನ ಫಿಲ್ಲರಿನಿಂದ ತೊಟ್ಟು ತೊಟ್ಟಾಗಿ ಇಂಕು ತುಂಬುವರು. ಆ ಇಂಕಾದರೂ ಅಂಗಡಿಯದಲ್ಲ, ಅವರದೇ ಪಾಕ: ಮೂರು ಪಾಲು ನೀಲಿ, ಒಂದು ಪಾಲು ಕಪ್ಪು. ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ ಬರಬೇಕು, ಬರದಿದ್ದರೆ ಇನ್ನೊಂದು ತೊಟ್ಟು. ಆಮೇಲೆ ನಿಬ್ಬಿನ ತುದಿಯನ್ನು ಎಣ್ಣೆ ಹಚ್ಚಿದ ತಲೆಗೂದಲಿಗೆ ಒಂದು ಸಲ ಒರೆಸುವರು. ಕೂದಲು ಉದುರಿದ ಮೇಲೆ ಪಂಚೆಯ ಅಂಚಿಗೆ ಒರೆಸತೊಡಗಿದರು. ಆ ಅಂಚುಗಳನ್ನು ಒಗೆದು ಒಗೆದು ಸಾವಿತ್ರಮ್ಮನ ಕೈ ಸವೆಯಿತು.

ಬಸ್ಸು ನಿಂತು ಹಾರನ್ ಹೊಡೆಯುತ್ತಿದ್ದರೂ ಅವರು ಟ್ರಿಪ್ ಶೀಟಿನಲ್ಲಿ ಒಂದು ಒತ್ತಕ್ಷರವನ್ನೂ ಅವಸರ ಮಾಡಿದವರಲ್ಲ. ಮೊಣಕಾಲ ಮೇಲೆ ಹಲಗೆ, ಹಲಗೆಯ ಮೇಲೆ ಹಾಳೆ. ಪೆನ್ನನ್ನು ಹಿಡಿಯುವುದಷ್ಟೇ ತಮ್ಮ ಕೆಲಸ, ನಡೆಯುವುದು ಅದರ ಕೆಲಸ ಎನ್ನುತ್ತಿದ್ದರು. 'ತರೀಕೆರೆ' ಎಂದು ಬರೆಯುವಾಗ 'ಕೆ'ಯ ತಲೆಯ ಮೇಲಿನ ಸುಳಿ ಹಾಳೆಯ ಮೇಲೆ ಒದ್ದೆಯಾಗಿ ಹೊಳೆದು, ಕಣ್ಣೆದುರೇ ಒಣಗಿ ಕಪ್ಪಾಗುವುದನ್ನು ನೋಡಿ ಮೂವತ್ತನಾಲ್ಕು ವರ್ಷವೂ ಅವರಿಗೆ ಖುಷಿಯಾಯಿತು. ಕಂಡಕ್ಟರುಗಳು, "ಇವ್ರು ಟ್ರಿಪ್ ಶೀಟ್ ಬರೆಯಲ್ಲಪ್ಪ, ಲಗ್ನಪತ್ರಿಕೆ ಬರೀತಾರೆ" ಎಂದು ಗೇಲಿ ಮಾಡುತ್ತಿದ್ದರು. ಗೇಲಿ ಮಾಡಿದ ಒಬ್ಬ ಕಂಡಕ್ಟರನೇ ತನ್ನ ತಂಗಿಯ ಮದುವೆ ಗೊತ್ತಾದಾಗ ನಿಜವಾಗಿಯೂ ಅವರನ್ನು ಕರೆದೊಯ್ದ. ಶಾಸ್ತ್ರಿಗಳು ಹೇಳಿದರು, ಪಂಚಾಕ್ಷರಪ್ಪನವರು ಬರೆದರು. ಅಂದಿನಿಂದ ಅಜ್ಜಂಪುರ ಪೇಟೆಯಲ್ಲಿ ಅದೇ ಪದ್ಧತಿಯಾಯಿತು. ಪ್ರೆಸ್ಸಿನಲ್ಲಿ ಸಾವಿರ ಕಾರ್ಡು ಹೊಡೆಸುವವರೂ, ಎರಡೂ ಕಡೆಯವರು ಕೂತು ಬರೆಸುವ ಆ ಮೊದಲ ಪತ್ರಿಕೆಗೆ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಹಾಳೆಗೆ, ಪಂಚಾಕ್ಷರಪ್ಪನವರ ಅಕ್ಷರವೇ ಬೇಕು ಎನ್ನುತ್ತಿದ್ದರು. ಅದಕ್ಕಾಗಿ ಒಂದು ಎಲೆಯಡಿಕೆ ಬಿಟ್ಟು ಬೇರೇನನ್ನೂ ಅವರು ಮುಟ್ಟಿದವರಲ್ಲ.

ಮೂರು ವರ್ಷದ ಹಿಂದೆ ಆ ಪೆನ್ನು ಹೋದ ಕಥೆಯನ್ನು ಅವರು ಹೇಳುವಂತೆ ಹೇಳಿದರೆ ಒಂದು ಥರ, ನಡೆದಂತೆ ಹೇಳಿದರೆ ಇನ್ನೊಂದು ಥರ. ನಡೆದದ್ದು ಇಷ್ಟು. ಬಸ್‌ಸ್ಟ್ಯಾಂಡಿನ ಕುಡಿಯುವ ನೀರಿನ ನಲ್ಲಿ ಕೆಟ್ಟಿತ್ತು. ಅದಕ್ಕೊಂದು ಅರ್ಜಿಯನ್ನು ತಮ್ಮ ಕೈಯಾರೆ, ಎರಡು ಪುಟ, ಒಂದು ಚಿತ್ತಿಲ್ಲದೆ ಬರೆದು, ಜೆರಾಕ್ಸ್ ಮಾಡಿಸಲು ತಿಪ್ಪೇಶನ ಅಂಗಡಿಗೆ ಹೋದರು. ಅಲ್ಲಿ ಬೆಂಚಿನ ಮೇಲೆ ಒಬ್ಬ ಹೆಂಗಸು ಯಾವುದೋ ಫಾರಂ ಹಿಡಿದು ಕೂತಿದ್ದಳು. "ಅಣ್ಣಾ, ಪೆನ್ನು ಕೊಡ್ತೀರಾ" ಎಂದು ಕೇಳಿದಳು. ಇವರು ಕ್ಯಾಪು ಬಿಚ್ಚಿ ಜೇಬಿಗಿಟ್ಟುಕೊಂಡು ಪೆನ್ನು ಚಾಚಿದರೆ, ಆಕೆ ಎಡಗೈಯಲ್ಲಿ ಇಸಿದುಕೊಂಡಳು. ಎಡಗೈಯಲ್ಲಿ! ಅದೇ ಮೊದಲ ಸಿಟ್ಟು. ಅಷ್ಟರಲ್ಲಿ ತಿಪ್ಪೇಶ, "ಸಾರ್, ಇಂಕಲ್ಲಿ ಬರೆದಿದ್ದು ಸರ್ಯಾಗಿ ಬರಲ್ಲ, ಟೈಪ್ ಮಾಡ್ಕೊಡ್ಲಾ?" ಎನ್ನುತ್ತಾ ಕೈಲಿದ್ದ ಟೀ ಲೋಟವನ್ನು ಆ ಅರ್ಜಿಯ ಮೇಲೆಯೇ ಇಟ್ಟ.

ಅರ್ಜಿಯ ಮೇಲೆ! ಲೋಟದ ತಳದ ನೀರಿಗೆ 'ಮಾನ್ಯರೇ' ಎಂಬುದು ಕರಗಿ ಹರಿದು ಹೋಯಿತು. ಪಂಚಾಕ್ಷರಪ್ಪನವರ ಮೈಯೆಲ್ಲ ಉರಿಯಿತು. "ಲೇ ತಿಪ್ಪೇಶ, ಅನ್ನದ ತಟ್ಟೆ ಮೇಲೆ ಚಪ್ಪಲಿ ಇಡ್ತೀಯೇನೋ? ಇನ್ನು ನಿನ್ನ ಅಂಗಡಿ ಮೆಟ್ಟಿಲು ತುಳಿದ್ರೆ ಕೇಳು!" ಎಂದು ಕೂಗಿ, ರಸ್ತೆಗಿಳಿದು, ಎದುರಿಗೆ ನಿಂತಿದ್ದ ಬಸ್ಸನ್ನು ಹತ್ತಿಬಿಟ್ಟರು. ಯಾವ ಊರಿನ ಬಸ್ಸು ಎಂದೂ ನೋಡಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸಿನ ಏಜೆಂಟರಾಗಿದ್ದವರು! ಬಸ್ಸು ತರೀಕೆರೆಯ ಅರ್ಧ ದಾರಿ ಮುಟ್ಟಿದಾಗ ಕೈ ಜೇಬಿಗೆ ಹೋಯಿತು. ಅಲ್ಲಿದ್ದದ್ದು ಕ್ಯಾಪು ಒಂದೇ.

ವಾಪಸು ಬಸ್ಸು ಸಿಕ್ಕಿ ಬರುವಷ್ಟರಲ್ಲಿ ಕತ್ತಲಾಗಿತ್ತು, ಆ ಹೆಂಗಸಿರಲಿಲ್ಲ. ಮೆಟ್ಟಿಲು ತುಳಿಯುವುದಿಲ್ಲ ಎಂದು ಹತ್ತು ಜನರೆದುರು ಆಣೆ ಹಾಕಿದ್ದಾಗಿತ್ತಲ್ಲ, ರಸ್ತೆಯಲ್ಲೇ ನಿಂತು ಕೂಗಿ ಕೇಳಿದರು. ಅಂಗಡಿಯಲ್ಲಿದ್ದ ಕೆಲಸದ ಹುಡುಗಿ, "ಒಳಗೆ ಬನ್ನಿ ತಾತಾ, ಹೇಳ್ತೀನಿ" ಎಂದಳು. ತಾತ ಎಂದು ಅವರನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಆ ಸಿಟ್ಟಿಗೆ ಹಾಗೇ ಮನೆಗೆ ಹೋದರು. ಆಮೇಲೆ ತಿಪ್ಪೇಶ ಮೂರು ಸಲ ರಸ್ತೆಯಲ್ಲಿ "ಸಾರ್, ಸಾರ್" ಎಂದು ಕರೆದ. ಮೂರು ಸಲವೂ ಮುಖ ತಿರುಗಿಸಿಕೊಂಡು ನಡೆದರು. ನಾಲ್ಕನೆಯ ಸಲ ಅವನೂ ಕರೆಯಲಿಲ್ಲ.

ಅಂದಿನಿಂದ ಅವರು ಬರೆಯುವುದನ್ನೇ ಬಿಟ್ಟರು. ಶಿವಮೊಗ್ಗದಿಂದ ಎರಡು ಹೊಸ ಪೆನ್ನು ತರಿಸಿದರು, ಒಂದು ಸೋರಿತು, ಇನ್ನೊಂದು ಕೆರೆಯಿತು. ಬಾಲ್ ಪೆನ್ನಿನ ಹೆಸರೆತ್ತಿದರೆ, "ಒತ್ತಿ ಒತ್ತಿ ಎಳೆಯೋದು ಬರವಣಿಗೆ ಅಲ್ಲ ಕಣ್ರೀ, ಉಳುಮೆ" ಎನ್ನುವರು. ಲಗ್ನಪತ್ರಿಕೆಗೆ ಕರೆಯಲು ಬಂದವರಿಗೂ ಆ ಖಾಲಿ ಕ್ಯಾಪಿನ ದರ್ಶನವೇ ಆಗುತ್ತಿತ್ತು. ಕೆಲವರು ಬೇಜಾರು ಮಾಡಿಕೊಂಡರು. ಇವರು ಲೆಕ್ಕಕ್ಕಿಡಲಿಲ್ಲ.

ಇಷ್ಟಾಗಿರುವಾಗ ಈ ವರ್ಷ ಸ್ವಂತ ಮಗಳು ಅಶ್ವಿನಿಯ ಮದುವೆ ಗೊತ್ತಾಯಿತು. ಅಶ್ವಿನಿ ಕಡೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಸಿದ್ದಲಿಂಗೇಶ್ ಅದೇ ಕಡೂರಿನವನು. ಬರುವ ಶುಕ್ರವಾರ ಲಗ್ನಪತ್ರಿಕೆ ಬರೆಸುವ ಶಾಸ್ತ್ರ.

"ಅಪ್ಪಾಜಿ, ಊರವರ ಮಕ್ಕಳಿಗೆಲ್ಲ ಬರೆದಿದೀರಿ. ನನ್ನದನ್ನ ನೀವೇ ಬರೀಬೇಕು" ಎಂದಳು ಅಶ್ವಿನಿ.

"ಪೆನ್ನೆಲ್ಲಿದೆಯೇ? ಕಳ್ಳಿ ಹೊತ್ಕಂಡು ಹೋದ್ಲಲ್ಲ!"

"ಹಾಗಾದ್ರೆ ಪತ್ರಿಕೇನೇ ಬೇಡ ಬಿಡಿ. ಬರೀ ಕಾರ್ಡು ಸಾಕು." ಅಶ್ವಿನಿ ಸಿಟ್ಟಿನಲ್ಲಿ ಅಪ್ಪನ ಮಗಳೇ. ಎರಡು ದಿನ ಅಪ್ಪನ ಜೊತೆ ಮಾತೇ ಆಡಲಿಲ್ಲ. ಪಂಚಾಕ್ಷರಪ್ಪನವರಿಗೆ ಅನ್ನ ಸೇರಲಿಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಸಿಟ್ಟಿನ ಅಡಿಯಲ್ಲಿ ಅವರಿಗೆ ದುಃಖವಾಯಿತು. ಮಗಳ ಹೆಸರನ್ನು ಆ ಹಾಳೆಯ ಮೇಲೆ ತಾವು ಬರೆಯದಿದ್ದರೆ ಇಷ್ಟು ದಿನ ಬರೆದದ್ದೆಲ್ಲ ಏತಕ್ಕೆ?

ಮೂರನೆಯ ದಿನ, ಮಂಗಳವಾರ, ಅಶ್ವಿನಿ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ತಿಪ್ಪೇಶನ ಅಂಗಡಿಗೆ ಹೋದಳು. ಆಣೆ ಹಾಕಿದ್ದು ಅಪ್ಪ, ಮಗಳಲ್ಲ. ಆದರೂ ಇಂಥ ಕೆಲಸವನ್ನೆಲ್ಲ ಕಡೂರಿನಲ್ಲೇ ಮುಗಿಸಿಕೊಳ್ಳುತ್ತಿದ್ದವಳು ಮೂರು ವರ್ಷದಲ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು. ಕೌಂಟರಿನ ಗಾಜಿನ ಕೆಳಗೆ, ದೇವರ ಪಟ ಮತ್ತು ಕರೆಂಟಿನವರ ಫೋನ್ ನಂಬರಿನ ನಡುವೆ, ಒಂದು ಚೀಟಿ ಕಂಡಿತು. ಫೋನಿನಲ್ಲಿ ಫೋಟೋ ತೆಗೆದುಕೊಂಡು ಓಡಿ ಬಂದು, ಮಾತು ಬಿಟ್ಟಿದ್ದನ್ನೂ ಮರೆತು, ಅಪ್ಪನ ಮೂಗಿನೆದುರು ಹಿಡಿದಳು.

'ಹಸಿರು ಪೆನ್ನಿನ ಯಜಮಾನರಿಗೆ. ನೀವು ಸಿಟ್ಟಿನಿಂದ ಬಸ್ಸು ಹತ್ತಿ ಹೋದಿರಿ. ನಾನು ಸಂಜೆವರೆಗೆ ಕಾದೆ. ಕ್ಯಾಪಿಲ್ಲದ ಪೆನ್ನನ್ನು ಇಲ್ಲಿ ಬಿಟ್ಟರೆ ಒಣಗುತ್ತದೆ, ಆದ್ದರಿಂದ ನನ್ನ ಬಳಿ ಇಟ್ಟುಕೊಂಡಿದ್ದೇನೆ. ದಯವಿಟ್ಟು ಬಂದು ತೆಗೆದುಕೊಳ್ಳಿ. ಯಶೋದಾ, ಅಂಗನವಾಡಿ ಟೀಚರ್.' ಕೆಳಗೆ ಅಂತರಘಟ್ಟೆಯ ಪಕ್ಕದ ಒಂದು ಸಣ್ಣ ಹಳ್ಳಿಯ ಹೆಸರು.

ಓದುವ ಮೊದಲೇ ಬಣ್ಣ ಗುರುತು ಸಿಕ್ಕಿತ್ತು. "ನನ್ ಇಂಕು ಕಣೇ ಇದು! ನನ್ ಇಂಕಲ್ಲೇ ನನಗೆ ಕಾಗ್ದ ಬರ್ದಿದಾಳೆ!" ಎಂದು ಅವರು ಕೂಗಿದ್ದು ಬೀದಿಯ ಕೊನೆಗೆ ಕೇಳಿಸಿತು. "ಮೂರು ವರ್ಷ ಆ ತಿಪ್ಪೇಶ ಬಚ್ಚಿಟ್ಟಿದ್ದ!"

"ಬಚ್ಚಿಟ್ಟಿರ್ಲಿಲ್ಲ. ಗಾಜಿನ ಕೆಳಗೆ ಎಲ್ಲರಿಗೂ ಕಾಣೋ ಹಾಗಿತ್ತು, ನಿಮಗೊಬ್ಬರಿಗೆ ಬಿಟ್ಟು" ಎಂದರು ಸಾವಿತ್ರಮ್ಮ.

ಮರುದಿನವೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡರು. ಚೀಟಿ ಬರೆದಿಟ್ಟರೆ ಆಯಿತೇ? ಮೂರು ವರ್ಷ ಊರೂರು ಹುಡುಕಬೇಡವೇ? ಅಂತರಘಟ್ಟೆಯಲ್ಲಿ ಇಳಿದು, ಬಿಸಿಲಲ್ಲಿ ಒಂದೂವರೆ ಮೈಲಿ ನಡೆದು ಅಂಗನವಾಡಿ ಮುಟ್ಟುವ ಹೊತ್ತಿಗೆ ಬೈಗುಳ ಸಿದ್ಧವಾಗಿತ್ತು. ಒಳಗೆ ಮಕ್ಕಳು ಊಟ ಮಾಡಿ ಮಲಗಿದ್ದವು. ಬಾಗಿಲ ಬಳಿ ನಲವತ್ತರ ಆಸುಪಾಸಿನ ಹೆಂಗಸು ಪುಸ್ತಕ ಹರವಿಕೊಂಡು ಬರೆಯುತ್ತಿದ್ದಳು. ಎಡಗೈಯಲ್ಲಿ ಹಸಿರು ಪೆನ್ನು.

ಪಂಚಾಕ್ಷರಪ್ಪನವರು ಜೇಬಿನಿಂದ ಕ್ಯಾಪು ತೆಗೆದು ತೋರಿಸಿದರು.

ಯಶೋದಾ ಎದ್ದು ನಿಂತಳು. ಅವರು ಬಾಯಿ ತೆರೆಯುವ ಮೊದಲೇ ಅವಳೇ ಶುರು ಮಾಡಿದಳು. "ಈಗ ಬಂದ್ರಾ? ಯಜಮಾನ್ರೇ, ಹಿಂಗಾ ಪೆನ್ನು ಕೊಟ್ಟು ಹೋಗೋದು? ಹೆಸ್ರಿಲ್ಲ, ಊರಿಲ್ಲ. ಅಂಗಡಿಗೆ ನಾಲ್ಕು ಸಲ ಹೋದೆ. 'ಅವ್ರು ಇಲ್ಲಿಗೆ ಬರಲ್ಲ, ಆಣೆ ಹಾಕವ್ರೆ' ಅಂತಾನೆ ಆಯಪ್ಪ. ಮನೆ ಎಲ್ಲಿ ಅಂದ್ರೆ, 'ಅಯ್ಯೋ, ನನ್ ಹೆಸ್ರು ಹೇಳ್ಕಂಡು ಹೋಗ್ಬೇಡಿ, ನಿಮ್ಮನ್ನೂ ಬೈತಾರೆ' ಅಂತ ಹೆದರಿಸ್ದ. ಮೂರು ವರ್ಷದಿಂದ ಬೇರೆಯೋರ ಸ್ವತ್ತು ಮನೇಲಿ ಇಟ್ಕಂಡಂಗೆ ಆಗಿದೆ ನನಗೆ!"

ತಾವು ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಅವಳೇ ಬೈದು ಮುಗಿಸಿದಂತಾಗಿ ಪಂಚಾಕ್ಷರಪ್ಪನವರು ಬೆಂಚಿನ ಮೇಲೆ ಕೂತರು. ಅವಳು ಪೆನ್ನಿಗೆ ಒಂದು ಬಿದಿರಿನ ಗಣ್ಣನ್ನು ಕೊರೆದು ಮುಚ್ಚಳ ಮಾಡಿದ್ದಳು. ಒಣಗದಿರಲಿ ಎಂದು ಅದರ ಬಾಯಿಗೆ ಬಟ್ಟೆಯ ಅಂಚು ಸುತ್ತಿದ್ದಳು. ಪುಸ್ತಕದಲ್ಲಿ ಪುಟಗಟ್ಟಲೆ ಮಕ್ಕಳ ಹೆಸರು, ತೂಕ, ಚುಚ್ಚುಮದ್ದಿನ ದಿನ. ಎಲ್ಲ ನೇರಳೆಹಣ್ಣಿನ ಬಣ್ಣದಲ್ಲಿ. ಅದನ್ನು ನೋಡಿ ಅವರಿಗೆ ಮತ್ತೆ ಸಿಟ್ಟು ಬಂತು. "ಈ ಇಂಕು ನಿನಗೆ ಹೆಂಗೆ ಸಿಕ್ತು?"

"ತರೀಕೆರೇಲಿ ನೀಲಿ, ಕಪ್ಪು ಎರಡೂ ತಂದು ಬೆರೆಸಿ ನೋಡ್ದೆ. ಆರು ಸಲ ಕೆಡಿಸಿ ಏಳನೇ ಸಲ ಬಂತು. ಪೆನ್ನು ನಿಮ್ದು, ಬಣ್ಣ ಬದಲಾಯ್ಸೋಕೆ ನನಗೇನು ಹಕ್ಕು ಅನ್ನಿಸ್ತು."

ಪಂಚಾಕ್ಷರಪ್ಪನವರು ಕೈ ಚಾಚಿ ಪೆನ್ನು ಇಸಿದುಕೊಂಡರು. ತೂಕ ಅದೇ, ತಂಪು ಅದೇ. ಪಕ್ಕದ ಹಾಳೆಯ ಮೇಲೆ 'ಅಶ್ವಿನಿ' ಎಂದು ಬರೆಯಹೋದರು. ನಿಬ್ಬು ಕೆರೆಯಿತು. 'ಅ' ಅರ್ಧ ಮೂಡಿತು, 'ಶ್ವಿ' ಮೂಡಲೇ ಇಲ್ಲ. ಕೊಡವಿ ಬರೆದರು, ತಿರುಗಿಸಿ ಬರೆದರು, ಹಾಳೆಯ ನಾರೆದ್ದಿತು.

"ಏನ್ ಮಾಡ್ದೆ ನನ್ ಪೆನ್ನಿಗೆ?"

ಯಶೋದಾ ಗಾಬರಿಯಾಗಿ ಪೆನ್ನನ್ನು ತೆಗೆದುಕೊಂಡಳು. ಹಾಳೆಯನ್ನು ಓರೆಯಾಗಿ ತಿರುಗಿಸಿ, ಎಡಗೈಯನ್ನು ಸಾಲಿನ ಕೆಳಗಿಟ್ಟು, ಅದೇ ಹೆಸರನ್ನು ಬರೆದಳು. ಸದ್ದಿಲ್ಲದೆ, ತಡೆಯಿಲ್ಲದೆ, ಒದ್ದೆಯಾಗಿ ಹೊಳೆಯುತ್ತಾ 'ಅಶ್ವಿನಿ' ಮೂಡಿತು. ಪಂಚಾಕ್ಷರಪ್ಪನವರು ನಿಬ್ಬನ್ನು ಬೆಳಕಿಗೆ ಹಿಡಿದು ನೋಡಿದರು. ಅರ್ಥವಾಯಿತು. ಮೂರು ವರ್ಷ ದಿನಗಟ್ಟಲೆ ಬರೆದು ಬರೆದು ನಿಬ್ಬಿನ ತುದಿ ಇನ್ನೊಂದು ಮಗ್ಗುಲಿಗೆ ಸವೆದಿತ್ತು. ಪೆನ್ನು ಅವಳ ಕೈ ಕಲಿತುಬಿಟ್ಟಿತ್ತು.

"ಎಡಗೈಲಿ ಬರೆಯೋದನ್ನ ಯಾರು ಕಲಿಸಿದ್ರಮ್ಮ ನಿನಗೆ?" ಎಂದು ಗದರಿಸಿದರು.

"ಯಾರೂ ಕಲಿಸ್ಲಿಲ್ಲ, ಬಿಡಿಸೋಕೆ ನೋಡಿದ್ರು" ಎಂದಳು ಯಶೋದಾ. "ಎರಡನೇ ಕ್ಲಾಸಲ್ಲಿ ಮೇಷ್ಟ್ರು ಈ ಕೈನ ಬೆಂಚಿಗೆ ಕಟ್ಟೋರು, ಟವಲ್ಲಲ್ಲಿ. ಬಲಗೈಲಿ ಬಾಲ್ ಪೆನ್ನು ಒತ್ತಿ ಒತ್ತಿ ಮೂವತ್ತು ವರ್ಷ ಬರೆದೆ. ಅಕ್ಷರ ಕೋಳಿ ಕೆದರಿದಂಗೆ. ಅವತ್ತು ಅಂಗಡೀಲಿ ನೀವು ಎಡಗೈ ನೋಡಿ ಮುಖ ಗಂಟು ಹಾಕಿದ್ರಿ, ಆದ್ರೂ ಕೊಟ್ರಿ. ನೀವು ಹೊರಟು ಹೋದ್ಮೇಲೆ ನನ್ನ ಕೈ ನೋಡೋರು ಯಾರೂ ಇರ್ಲಿಲ್ಲ. ಎಡಗೈಲೇ ಬರೆದೆ. ಒತ್ತಲೇ ಬೇಕಿರ್ಲಿಲ್ಲ ಯಜಮಾನ್ರೇ, ತಾನಾಗಿ ಹೋಯ್ತು. ನನ್ನ ಅಕ್ಷರ ಹಿಂಗಿದೆ ಅಂತ ನನಗೇ ಗೊತ್ತಿರ್ಲಿಲ್ಲ."

ಪಂಚಾಕ್ಷರಪ್ಪನವರು ತುಂಬಾ ಹೊತ್ತು ಆ ಪುಸ್ತಕದ ಪುಟ ತಿರುವಿದರು. ಅಕ್ಷರ ತಮ್ಮದಕ್ಕಿಂತ ಚೆನ್ನಾಗಿತ್ತು. ಒಪ್ಪಿಕೊಳ್ಳಲು ಸಂಕಟವಾಯಿತು, ಆದರೆ ಅಕ್ಷರದ ವಿಷಯದಲ್ಲಿ ಅವರು ಸುಳ್ಳು ಹೇಳಿದವರಲ್ಲ. ಕೊನೆಗೆ ಎದ್ದರು. ಪೆನ್ನನ್ನು ಅವಳ ಮುಂದೆಯೇ ಬಿಟ್ಟು, ಅವಳು 'ಅಶ್ವಿನಿ' ಎಂದು ಬರೆದ ಹಾಳೆಯನ್ನು ಮಡಚಿಕೊಂಡು, ಕ್ಯಾಪನ್ನು ಮಾತ್ರ ಅಭ್ಯಾಸದಂತೆ ಜೇಬಿಗೆ ಸಿಕ್ಕಿಸಿಕೊಂಡು, "ಶುಕ್ರವಾರ ಹತ್ತು ಗಂಟೆಗೆ ಮಗಳ ಲಗ್ನಪತ್ರಿಕೆ ಬರೆಯೋಕೆ ನಮ್ಮನೇಲಿರ್ಬೇಕು. ಅಜ್ಜಂಪುರದಲ್ಲಿ ಪಂಚಾಕ್ಷರಪ್ಪನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ. ಪೆನ್ನು ತುಂಬಾ ಇಂಕಿರ್ಲಿ" ಎಂದು ಅಪ್ಪಣೆ ಕೊಟ್ಟು ಹೊರಟರು.

ಶುಕ್ರವಾರ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಶಾಸ್ತ್ರಿಗಳು ಪಂಚಾಂಗ ಬಿಚ್ಚಿದರು. ಸಾವಿತ್ರಮ್ಮ ಹಾಳೆಯ ಮೂಲೆಗಳಿಗೆ ಅರಿಶಿನ ಹಚ್ಚಿ ಯಶೋದಳ ಮುಂದಿಟ್ಟರು. ಅಶ್ವಿನಿಗೆ ಅಂತರಘಟ್ಟೆಯಿಂದ ಬಂದ ರಾತ್ರಿಯೇ ಅಪ್ಪ ಎಲ್ಲ ಹೇಳಿದ್ದರು. ಮೊದಲು ಮುನಿಸಿಕೊಂಡಿದ್ದವಳು ಆ 'ಅಶ್ವಿನಿ' ಎಂದು ಬರೆದ ಹಾಳೆಯನ್ನು ನೋಡಿ ಸುಮ್ಮನಾಗಿದ್ದಳು. ಯಶೋದಾ ಎಡಗೈಯಲ್ಲಿ ಪೆನ್ನು ಎತ್ತಿದ್ದೇ ತಡ, ಹುಡುಗನ ದೊಡ್ಡಪ್ಪ ಓಂಕಾರಮೂರ್ತಿ ಕೈ ಅಡ್ಡ ಹಿಡಿದರು.

"ಏನ್ರೀ ಇದು ಪಂಚಾಕ್ಷರಪ್ಪನೋರೇ? ಶುಭಕಾರ್ಯದ ಪತ್ರಿಕೆ ಕಣ್ರೀ. ಎಡಗೈಲಿ ಬರೆಸ್ತಾರಾ? ನಾವು ಒಪ್ಪಲ್ಲ."

ಯಶೋದಾ ಪೆನ್ನು ಕೆಳಗಿಟ್ಟು, ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಎರಡನೆಯ ತರಗತಿಯಿಂದ ಕಲಿತ ಅಭ್ಯಾಸ ಅದು. ಅದನ್ನು ಪಂಚಾಕ್ಷರಪ್ಪನವರು ನೋಡಿದರು. ಮೂರು ವರ್ಷ ಕ್ಯಾಪು ತೋರಿಸಿ ತೋರಿಸಿ ಸಿಕ್ಕಸಿಕ್ಕವರ ಮೇಲೆ ಚೆಲ್ಲಿದ್ದ ಸಿಟ್ಟಿಗೆ ಸರಿಯಾದ ಜಾಗ ಅಂದು ಸಿಕ್ಕಿತು.

"ಒಪ್ಪಲ್ವಾ? ಓಂಕಾರಮೂರ್ತಿಗಳೇ, ಏಳು ವರ್ಷದ ಮಗು ಕೈಯನ್ನ ಬೆಂಚಿಗೆ ಕಟ್ಟಾಕಿದ್ರಂತ್ರೀ! ಅಶುಭ ಅಂದ್ರೆ ಅದು! ಹಿಂಗೆ ಬರೆಯೋ ಕೈನ ಮೂವತ್ತು ವರ್ಷ ಬಚ್ಚಿಡಿಸಿದ್ರಲ್ಲ, ಅಶುಭ ಅಂದ್ರೆ ಅದು! ನಾನೂ ಅವತ್ತು ಮುಖ ಗಂಟು ಹಾಕ್ದೋನೇ. ಬಲಗೈ ಅಂತೀರಲ್ಲ, ನಿಮ್ಮ ಮದ್ವೆ ಪತ್ರಿಕೆ ಬರೆದೋನು ಯಾರು? ನಾನೇ. ಇದೇ ಪೆನ್ನಲ್ಲಿ, ಇದೇ ಬಲಗೈಲಿ. ಹೇಳಿ, ಎಷ್ಟು ಶುಭ ಆಯ್ತು ನಿಮಗೆ?"

ಸಂಬಂಧ ಮುರಿದೇ ಹೋಯಿತು ಎಂದು ಸಾವಿತ್ರಮ್ಮ ಕಂಬ ಹಿಡಿದುಕೊಂಡರು. ಆಗ ಓಂಕಾರಮೂರ್ತಿಯವರ ಹೆಂಡತಿ, ಅಜ್ಜಂಪುರದಲ್ಲೇ ಹುಟ್ಟಿ ಬೆಳೆದ ಕರಿಬಸಮ್ಮ, "ಸುಮ್ನೆ ಕೂತ್ಕಳ್ರೀ. ಬಲಗೈ ಪತ್ರಿಕೇಲಿ ಮದ್ವೆಯಾಗಿ ದಿನಾ ಜಗಳ ಆಡ್ತಿರೋರು ನಾವು. ಮಕ್ಕಳದ್ದಾದ್ರೂ ಬೇರೆ ಥರ ಆಗ್ಲಿ" ಎಂದರು. ಯಾರೋ ನಕ್ಕರು. ಶಾಸ್ತ್ರಿಗಳಿಗೂ ಹಸಿವಾಗಿತ್ತು, ಗಂಟಲು ಸರಿಮಾಡಿಕೊಂಡು ಹೇಳತೊಡಗಿದರು. ಅಶ್ವಿನಿ ಪೆನ್ನನ್ನೆತ್ತಿ ಯಶೋದಳ ಎಡಗೈಗೇ ಕೊಟ್ಟಳು.

ಶಾಸ್ತ್ರಿಗಳು ಹೇಳಿದಂತೆ ಯಶೋದಾ ಅರ್ಧ ಗಂಟೆ ಬರೆದಳು. ಪಂಚಾಕ್ಷರಪ್ಪನವರು ಮೊಣಕಾಲೂರಿ ಪಕ್ಕದಲ್ಲೇ ಕೂತು, ಒಂದೊಂದು ಅಕ್ಷರವೂ ಹೊಳೆದು ಒಣಗುವುದನ್ನು ನೋಡಿದರು. ಕೊನೆಗೆ ಎರಡೂ ಕಡೆಯ ಹಿರಿಯರ ರುಜು. ಓಂಕಾರಮೂರ್ತಿಯವರ ಕೈಯಲ್ಲಿ ಪೆನ್ನು ಮುಷ್ಕರ ಹೂಡಿತು. ಅವರು ಜೋರಾಗಿ ಒತ್ತಹೊರಟರೆ, "ಒತ್ತಬೇಡ್ರೀ! ನಿಬ್ಬು!" ಎಂದು ಪಂಚಾಕ್ಷರಪ್ಪನವರು ಕಿರುಚಿದರು. ಹಾಗೆ ಕಿರುಚಿದವರದೇ ರುಜುವೂ ಅರ್ಧ ಮೂಡಿ ಅರ್ಧ ಮೂಡದೆ ವಕ್ರವಾಗಿ ಕೂತಿತು. ಅಶ್ವಿನಿ ಅದರ ಮೇಲೆ ಬೆರಳಾಡಿಸಿ, "ಇದಿಷ್ಟು ನಿಮ್ಮದಿದೆಯಲ್ಲ ಅಪ್ಪಾಜಿ, ಸಾಕು" ಎಂದಳು. ಅವರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಊಟವಾದ ಮೇಲೆ ಯಶೋದಳನ್ನು ಬಸ್ಸು ಹತ್ತಿಸಲು ತಾವೇ ಹೋದರು. ಬಸ್ಸು ಬಂತು. ಅವಳು ಬಿದಿರಿನ ಮುಚ್ಚಳ ಹಾಕಿದ ಪೆನ್ನನ್ನು ಅವರ ಮುಂದೆ ಚಾಚಿದಳು, ಈ ಸಲ ಮರೆಯದೆ ಬಲಗೈಯಲ್ಲಿ. ಪಂಚಾಕ್ಷರಪ್ಪನವರು ಅದನ್ನು ಇಸಿದುಕೊಂಡರು. ಬಿದಿರನ್ನು ಕಿತ್ತು, ಜೇಬಿನ ಕ್ಯಾಪನ್ನು ಪೆನ್ನಿಗೆ ಹಾಕಿ ಒಂದೂವರೆ ಸುತ್ತು ತಿರುಗಿಸಿದರು. ಮೂರು ವರ್ಷದ ಮೇಲೂ ಅದು ಸರಿಯಾಗಿ ಕೂತಿತು. ಅದನ್ನು ಅವಳ ಎಡಗೈಗೇ ಇಟ್ಟರು.

"ಯಾರಾದ್ರೂ ಪೆನ್ನು ಕೇಳಿದ್ರೆ ಕೊಡು ತಾಯಿ. ಕ್ಯಾಪು ಮಾತ್ರ ಕೊಡ್ಬೇಡ" ಎಂದರು. ಕಂಡಕ್ಟರ್ ವಿಸಿಲ್ ಹೊಡೆದ. ಚಲಿಸುವ ಬಸ್ಸಿನ ಪಕ್ಕ ನಾಲ್ಕು ಹೆಜ್ಜೆ ನಡೆಯುತ್ತಾ ಕೂಗಿ ಹೇಳಿದರು, "ಮತ್ತೆ, ಕೊಟ್ಮೇಲೆ ಸಿಟ್ಟು ಮಾಡ್ಕಂಡು ಎದ್ದು ಹೋಗ್ಬೇಡ!"

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಬಿದಿರಿನ ಗಣ್ಣನ್ನು ಜೇಬಿಗೆ ಹಾಕಿಕೊಂಡು, ರಸ್ತೆ ದಾಟಿ, ತಿಪ್ಪೇಶನ ಅಂಗಡಿಯ ಮೆಟ್ಟಿಲು ಹತ್ತಿದರು.